ಮೊದಲು ಬ್ರೇಕ್, ಆಮೇಲೆ ಕಾರ್ಬುರೇಟರ್

ಬೆಳಿಗ್ಗೆ ಎಂಟೂವರೆಗೆ ನಮ್ಮ ಹಾಸ್ಟೆಲ್ ಪಾರ್ಕಿಂಗ್ ಹತ್ರ ನಿಂತು ನೋಡಿ. ಸ್ಟಾರ್ಟ್ ಆಗದ ಒಂದು ಗಾಡಿ ಸುತ್ತ ಐದು ಜನ ಸೇರಿರ್ತಾರೆ. ಒಬ್ಬ ಚೋಕ್ ಎಳಿ ಅಂತಾನೆ, ಒಬ್ಬ ಪ್ಲಗ್ ಬಿಚ್ಚು ಅಂತಾನೆ, ಇನ್ನೊಬ್ಬ ತಳ್ಳೋಕೆ ರೆಡಿ. ಅದೇ ಹೊತ್ತಿಗೆ ಪಕ್ಕದಲ್ಲೇ ಇನ್ನೊಂದು ಗಾಡಿ, ಬ್ರೇಕ್ ಒತ್ತಿದಾಗೆಲ್ಲ ಕಬ್ಬಿಣಕ್ಕೆ ಕಬ್ಬಿಣ ಉಜ್ಜೋ ಸದ್ದು ಮಾಡ್ತಾ ಗೇಟಿನ ಕಡೆ ಹೋಗುತ್ತೆ. ಅದನ್ನ ಯಾರೂ ತಿರುಗಿ ನೋಡಲ್ಲ.

ನಾನೂ ನೋಡ್ತಿರಲಿಲ್ಲ. ಕಳೆದ ಸೆಮಿಸ್ಟರ್ ರಜೆವರೆಗೂ ನಾನೂ ಅದೇ ಐದು ಜನರಲ್ಲಿ ಒಬ್ಬ. ಎಂಜಿನ್ ಕೆಟ್ಟರೆ ಅದು ರಿಪೇರಿ, ಬ್ರೇಕ್ ಕೆಟ್ಟರೆ ಅದು 'ಸ್ವಲ್ಪ ಹುಷಾರಾಗಿ ಓಡಿಸು' ಅಷ್ಟೇ ಅನ್ನೋ ನಮ್ಮ ಅಭ್ಯಾಸ ತಪ್ಪು, ಅದರಲ್ಲೂ ಎಂಜಿನಿಯರಿಂಗ್ ಓದೋ ನಮಗೆ ದೊಡ್ಡ ತಪ್ಪು ಅಂತ ಹೇಳೋದಕ್ಕೆ ಇದನ್ನ ಬರೀತಿದ್ದೀನಿ. ಬುದ್ಧಿ ಹೇಳೋಕೆ ಅಲ್ಲ. ತಪ್ಪು ಮಾಡಿದವನು ನಾನೇ.

ನಮ್ಮೂರು ಬಾಗಲಕೋಟೆ ಜಿಲ್ಲೆಯ ಸಮೀರವಾಡಿ, ಮಹಾಲಿಂಗಪುರದ ಹತ್ರ. ಮುಧೋಳ ಅಂದ್ರೆ ಇಲ್ಲಿ ಎಲ್ಲರಿಗೂ ನಾಯಿ ನೆನಪಾಗುತ್ತೆ, ಆದರೆ ನಮ್ಮ ಕಡೆ ನಾಯಿಗಿಂತ ಜಾಸ್ತಿ ಇರೋದು ಕಬ್ಬು. ಸಕ್ಕರೆ ಕಾರ್ಖಾನೆ ಇದೆ, ಅದರ ಜೊತೆಗೆ ಎಥನಾಲ್ ತಯಾರಿಕೆನೂ ಇದೆ. ಹಂಗಾಮು ಶುರುವಾದ್ರೆ ಹಗಲು ರಾತ್ರಿ ಟ್ರ್ಯಾಕ್ಟರು, ಟ್ರೇಲರು.

ನಮ್ಮ ಕಾಕಾಗೆ ಹೊಸ ಗಾಡಿಗಳ ಹುಚ್ಚು. ಹೋದ ವರ್ಷ ಬೇಸಿಗೆಯಲ್ಲಿ ಯಾರೋ ಪರಿಚಯದವರು ಜಾತ್ರೆಯಲ್ಲಿ ಮಕ್ಕಳನ್ನ ಕೂರಿಸಿ ಸುತ್ತು ಹೊಡೆಸ್ತಿದ್ದ ಒಂದು ಹಳೇ ಕ್ವಾಡ್ ಬೈಕನ್ನ 28 ಸಾವಿರಕ್ಕೆ ತಂದ್ರು. 110 ಸಿಸಿ, ನಾಲ್ಕು ಚಕ್ರ, ಕೆಂಪು ಬಣ್ಣ, ಮೈಮೇಲೆ ಒಂದು ಡ್ರ್ಯಾಗನ್ ಸ್ಟಿಕ್ಕರ್. ನಂಬರ್ ಪ್ಲೇಟ್ ಇಲ್ಲ, ಹಾಗಾಗಿ ರಸ್ತೆಗೆ ತರೋ ಹಾಗಿಲ್ಲ. ಹೊಲದೊಳಗೆ ಡ್ರಿಪ್ ಪೈಪು, ಗೊಬ್ಬರದ ಚೀಲ ಸಾಗಿಸೋಕೆ ಆಗುತ್ತೆ ಅನ್ನೋದು ಕಾಕಾನ ಲೆಕ್ಕ. ಮಳೆಗಾಲದಲ್ಲಿ ಕೆಸರಿಗೆ ಹೆದರಿ ಅದನ್ನ ಶೆಡ್ಡಿನಲ್ಲಿ ನಿಲ್ಲಿಸಿದ್ರು. ಅದು ಮತ್ತೆ ಸ್ಟಾರ್ಟ್ ಆಗಲೇ ಇಲ್ಲ. ಮೂರನೇ ಸೆಮ್ ಪರೀಕ್ಷೆ ಮುಗಿಸಿ ಜನವರಿಯಲ್ಲಿ ನಾನು ಊರಿಗೆ ಹೋದಾಗ ಕಾಕಾ ಹೇಳಿದ ಮೊದಲ ಮಾತು:

"ಬಾ ತಮ್ಮಾ, ಎಂಜಿನಿಯರ್ ಬಂದ ಅಂದ್ರ ನನ್ನ ಗಾಡಿ ಚಾಲೂ ಆದಂಗ."

ಎರಡನೇ ವರ್ಷದ ಹುಡುಗನಿಗೆ ಇದಕ್ಕಿಂತ ದೊಡ್ಡ ಸವಾಲು ಇದೆಯಾ?

ಮೂರು ದಿನ ಕಾರ್ಬುರೇಟರ್

ಈ ಭಾಗ ನಾನು ಚೆನ್ನಾಗೇ ಮಾಡಿದೆ, ಅದಕ್ಕೆ ಧೈರ್ಯವಾಗಿ ಬರೀತೀನಿ. ಚೋಕ್ ಹಾಕಿದ್ರೆ ಗಾಡಿ ಸ್ಟಾರ್ಟ್ ಆಗ್ತಿತ್ತು, ಚೋಕ್ ತೆಗೆದ ಕೂಡಲೇ ಆಫ್. ಅಂದ್ರೆ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ. ಪ್ಲಗ್ ಬಿಚ್ಚಿ ನೋಡಿದೆ, ತುದಿ ಬಿಳಿ ಇತ್ತು. ಅದೂ ಅದನ್ನೇ ಹೇಳುತ್ತೆ. ಮಿಕ್ಸ್ಚರ್ ರಿಚ್ ಆಗಿದ್ರೆ ಪ್ಲಗ್ ಮಸಿ ಹಿಡಿದು ಕಪ್ಪಾಗಿರ್ತಿತ್ತು.

ಕಾರ್ಬುರೇಟರ್ ಕೆಳಗಿನ ಬಟ್ಟಲಿಗೆ ಒಂದು ಡ್ರೈನ್ ಸ್ಕ್ರೂ ಇರುತ್ತೆ. ಅದನ್ನ ಸಡಿಲಿಸಿ ಒಳಗಿದ್ದದ್ದನ್ನ ಗಾಜಿನ ಬಾಟಲಿಗೆ ಹಿಡಿದೆ. ಸ್ವಲ್ಪ ಹೊತ್ತು ಬಿಟ್ಟು ನೋಡಿದ್ರೆ ಎರಡು ಪದರ. ಮೇಲೆ ಪೆಟ್ರೋಲ್, ಕೆಳಗೆ ನೀರಿನಂಥ ದ್ರವ. ಈಗ ಬಂಕಿನಲ್ಲಿ ಸಿಗೋ ಪೆಟ್ರೋಲಿನಲ್ಲಿ 20 ಪರ್ಸೆಂಟ್ ತನಕ ಎಥನಾಲ್ ಇರುತ್ತೆ. ಇ20 ಪೆಟ್ರೋಲ್ ಮಾರಾಟ ಶುರುವಾಗಿದ್ದು 2023ರ ಫೆಬ್ರವರಿಯಲ್ಲಿ, ಬೆಂಗಳೂರಿನ ಕಾರ್ಯಕ್ರಮದಲ್ಲಿ. ಎಥನಾಲ್ ಗಾಳಿಯಲ್ಲಿರೋ ತೇವವನ್ನ ಎಳ್ಕೊಳ್ಳುತ್ತೆ. ದಿನಾ ಓಡೋ ಗಾಡಿಗೆ ಅದರಿಂದ ಏನೂ ಆಗಲ್ಲ. ಆದರೆ ಇಡೀ ಮಳೆಗಾಲ ಅರ್ಧ ಟ್ಯಾಂಕ್ ಪೆಟ್ರೋಲ್ ಜೊತೆ ಶೆಡ್ಡಿನಲ್ಲಿ ನಿಂತ ಗಾಡಿಗೆ ಆಗುತ್ತೆ. ನೀರು ಒಂದು ಮಿತಿ ದಾಟಿದ ಮೇಲೆ ಎಥನಾಲ್ ನೀರಿನ ಜೊತೆ ಸೇರಿ ಪೆಟ್ರೋಲ್‌ನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತೆ. ಕಾರ್ಬುರೇಟರ್ ಕುಡಿಯೋದೇ ತಳದಿಂದ.

ಇನ್ನೊಂದು ವಿಷಯ, ಇದು ನಮ್ಮ ಕೆಮಿಸ್ಟ್ರಿ ಪೇಪರಿಗೂ ಬರುತ್ತೆ. ಶುದ್ಧ ಪೆಟ್ರೋಲ್ ಪೂರ್ತಿ ಉರಿಯೋಕೆ ತೂಕದ ಲೆಕ್ಕದಲ್ಲಿ ಸುಮಾರು 14.7 ಪಟ್ಟು ಗಾಳಿ ಬೇಕು. ಎಥನಾಲ್‌ಗೆ 9 ಪಟ್ಟು ಸಾಕು, ಯಾಕಂದ್ರೆ ಅದರ ತೂಕದಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಆಕ್ಸಿಜನ್ನೇ ಇದೆ. ಇ20ಗೆ ಲೆಕ್ಕ ಹಾಕಿದ್ರೆ 13.5 ಹತ್ರ ಬರುತ್ತೆ. ಹಳೇ ಪೆಟ್ರೋಲ್‌ಗೆ ಅಂತ ಮಾಡಿದ ಜೆಟ್ಟು ಇದನ್ನ ತಿಳ್ಕೊಳ್ಳಲ್ಲ, ಅಷ್ಟೇ ದ್ರವ ಬಿಡುತ್ತೆ. ಹಾಗಾಗಿ ಮಿಕ್ಸ್ಚರ್ ಏಳೆಂಟು ಪರ್ಸೆಂಟ್ ತೆಳುವಾಗುತ್ತೆ. 2020ರ ಏಪ್ರಿಲ್‌ನಲ್ಲಿ ಬಿಎಸ್6 ಬಂದ ಮೇಲೆ ನಮ್ಮ ಬಹುಪಾಲು ಬೈಕುಗಳಲ್ಲಿ ಫ್ಯೂಯಲ್ ಇಂಜೆಕ್ಷನ್ ಇದೆ, ಅದರ ಸೆನ್ಸರ್ ಹೊಗೆ ನೋಡಿ ಇದನ್ನ ಸರಿಮಾಡುತ್ತೆ. ಕಾರ್ಬುರೇಟರ್‌ಗೆ ಆ ಬುದ್ಧಿ ಇಲ್ಲ. ಹಾಗಂತ ಎಥನಾಲ್‌ನ ಬೈಯೋಕೆ ನನ್ನ ಬಾಯಿ ಬರಲ್ಲ. ನನ್ನ ಕಾಲೇಜು ಫೀಸು ಕಟ್ಟಿದ್ದು ಕಬ್ಬಿನ ಬಿಲ್ಲು. ತಪ್ಪು ಎಥನಾಲಿನದಲ್ಲ, ಟ್ಯಾಂಕ್ ಖಾಲಿ ಮಾಡದೆ ಗಾಡಿ ನಿಲ್ಲಿಸಿದ್ದು.

ಟ್ಯಾಂಕ್ ಖಾಲಿ ಮಾಡಿದೆ, ಫಿಲ್ಟರ್ ಬದಲಾಯಿಸಿದೆ. ಪೈಲಟ್ ಜೆಟ್ಟಿನ ತೂತು ಅರ್ಧ ಮಿಲಿಮೀಟರ್‌ಗಿಂತ ಸಣ್ಣದು, ಅದರೊಳಗೆ ಕಂದು ಬಣ್ಣದ ಅಂಟು. ಪಿನ್ನು, ಸೂಜಿ ಹಾಕಬಾರದು, ಹಿತ್ತಾಳೆ ಸವೆದು ತೂತು ದೊಡ್ಡದಾಗುತ್ತೆ. ಹಳೇ ವೈರಿನಿಂದ ತಾಮ್ರದ ಒಂದೇ ಎಳೆ ತೆಗೆದು ಅದರಿಂದ ಬಿಡಿಸಿದೆ, ಕ್ಲೀನರ್ ಹೊಡೆದೆ, ಪಂಕ್ಚರ್ ಅಂಗಡಿಯಲ್ಲಿ ಗಾಳಿ ಹೊಡೆಸಿದೆ. ಏರ್ ಸ್ಕ್ರೂ ಮೆಲ್ಲಗೆ ಪೂರ್ತಿ ಒಳಗೆ ತಿರುಗಿಸಿ, ಅಲ್ಲಿಂದ ಒಂದೂವರೆ ಸುತ್ತು ಹೊರಗೆ. ಮೂರನೇ ದಿನ ಸಂಜೆ ಗಾಡಿ ಚೋಕ್ ಇಲ್ಲದೆ ನಿಂತ ಜಾಗದಲ್ಲಿ ಗುಡುಗುಡು ಅಂತು. ಕಾಕಾ ನನ್ನ ಬೆನ್ನು ತಟ್ಟಿದ್ರು. ವಾಟ್ಸಾಪ್ ಸ್ಟೇಟಸ್ ಹಾಕಿದೆ, ನಿಮ್ಮಲ್ಲಿ ಕೆಲವರು ನೋಡಿರ್ತೀರಿ.

ಆ ಮೂರು ದಿನದಲ್ಲಿ ಬ್ರೇಕ್ ನೋಡಿದ್ದು ಎಷ್ಟು ಹೊತ್ತು? ಲಿವರ್ ಒಂದು ಸಲ ಒತ್ತಿದೆ. ಗಟ್ಟಿ ಇತ್ತು. ಮುಗೀತು.

ಆ ಸಂಜೆ

ಕಾಕಾನ ಮಗಳು ಎರಡನೇ ಕ್ಲಾಸು. ಮೂರು ದಿನದಿಂದ ನನಗೆ ಪಾನಾ ಎತ್ತಿ ಕೊಡ್ತಿದ್ದಳು. "ಅಣ್ಣಾ, ಫಸ್ಟ್ ನನ್ನ ಕೂಡ್ರಿಸ್ಕೊಂಡು ಹೋಗ" ಅಂತ ಮೊದಲೇ ಬುಕ್ ಮಾಡಿದ್ದಳು. ಹಿಂದೆ ಕೂರಿಸಿಕೊಂಡೆ. ಹೆಲ್ಮೆಟ್ ಇಬ್ಬರಿಗೂ ಇಲ್ಲ. ಹೊಲದ ದಾರಿ ತಾನೇ.

ಒಂದು ಸುತ್ತು, ಎರಡು ಸುತ್ತು ಚೆನ್ನಾಗಿತ್ತು. ಮೂರನೇ ಸುತ್ತಿನಲ್ಲಿ ಕಾಲುವೆ ಪಕ್ಕದ ದಾರಿಯಲ್ಲಿ 30 ಕಿಲೋಮೀಟರ್ ವೇಗದಲ್ಲಿ ಇದ್ದಿರಬಹುದು. ಅಂದ್ರೆ ಸೆಕೆಂಡಿಗೆ ಎಂಟು ಮೀಟರ್. ತಿರುವು ದಾಟಿದ್ರೆ ಇಪ್ಪತ್ತು ಮೀಟರ್ ಮುಂದೆ ಕಬ್ಬು ತುಂಬಿದ ಟ್ರೇಲರ್ ನಿಂತಿದೆ. ಹಿಂದಿನ ಬ್ರೇಕ್ ಒತ್ತಿದೆ. ಲಿವರ್ ಹಿಡಿಕೆ ತನಕ ಬಂತು, ಸ್ಪಂಜು ಹಿಂಡಿದ ಹಾಗೆ. ಗಾಡಿ ನಿಲ್ಲಲಿಲ್ಲ. ಮುಂದಿನ ಬ್ರೇಕ್ ಜೋರಾಗಿ ಒತ್ತಿದೆ. ಗಾಡಿ ಒಮ್ಮೆಲೇ ಬಲಕ್ಕೆ ತಿರುಗಿ ಕಬ್ಬಿನೊಳಗೆ ನುಗ್ಗಿತು.

ಬಲಕ್ಕೆ ಕಬ್ಬು, ಎಡಕ್ಕೆ ಕಾಲುವೆ. ಅಷ್ಟೇ ನಮ್ಮ ಅದೃಷ್ಟ. ನನಗೆ ಕೈ ತರಚಿತು. ತಂಗಿಗೆ ಗಲ್ಲಕ್ಕೆ ಮೂರು ಹೊಲಿಗೆ. ಅವಳು ಅಳಲಿಲ್ಲ. ನಾನು ಅವಳನ್ನ ಎತ್ಕೊಂಡು ಮನೆಗೆ ನಡೆಯೋವಾಗ "ಅಪ್ಪಗ ಹೇಳಬ್ಯಾಡ ಅಣ್ಣಾ, ಗಾಡಿ ಮಾರತಾನ" ಅಂದಳು. ಆ ಮಾತು ಕೇಳಿದ ಮೇಲೆ ಮೂರು ದಿನದ ಹೆಮ್ಮೆ ಒಂದು ಚೂರೂ ಉಳೀಲಿಲ್ಲ.

ಆಮೇಲೆ ಓದಿದಾಗ ಗೊತ್ತಾಯ್ತು, ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 16 ವರ್ಷದ ಒಳಗಿನವರು ಇಂಥ ಗಾಡಿ ಹತ್ತಲೇಬಾರದು ಅನ್ನುತ್ತೆ. ಇದರ ಮೂರು ಚಕ್ರದ ಅಣ್ಣನ ಮಾರಾಟವನ್ನೇ ಆ ದೇಶದಲ್ಲಿ 1988ರಲ್ಲಿ ನಿಲ್ಲಿಸಿದ್ರು, ಪಲ್ಟಿ ಹೊಡೆದು ಅಷ್ಟು ಜನಕ್ಕೆ ಪೆಟ್ಟಾಗ್ತಿತ್ತು. ನಮ್ಮಲ್ಲಿ ಅದು ಜಾತ್ರೆಯ ಆಟದ ಸಾಮಾನು.

'ಬ್ರೇಕ್ ಆಯಿಲ್' ಆಯಿಲ್ ಅಲ್ಲ

ಮರುದಿನ ಮಹಾಲಿಂಗಪುರದಿಂದ ಒಬ್ಬ ಹಿರಿಯ ಮಿಸ್ತ್ರಿ ಬಂದ್ರು. ಅವರು ಎಂಜಿನ್ ಕಡೆ ನೋಡಲೇ ಇಲ್ಲ. ಗಾಡಿ ನ್ಯೂಟ್ರಲ್‌ಗೆ ಹಾಕಿ ಕೈಯಿಂದ ತಳ್ಳಿದ್ರು.

"ಭಾರ ಐತಲ್ಲೋ ತಮ್ಮಾ. ನಿನಗ ಗೊತ್ತಾಗಲಿಲ್ಲೇನು?"

"ಗೊತ್ತಾಗಿತ್ತು ಮಾಮಾ. ಚೈನ್ ಟೈಟ್ ಇರಬೇಕು ಅನಕೊಂಡೆ."

"ಚೈನ್ ಅಲ್ಲ. ಬ್ರೇಕ್ ಹಿಡಕೊಂಡಾವ."

ಆಮೇಲೆ ಹ್ಯಾಂಡಲ್ ಮೇಲಿರೋ ಬ್ರೇಕ್ ಫ್ಲೂಯಿಡ್ ಡಬ್ಬಿಯ ಮುಚ್ಚಳ ಬಿಚ್ಚಿದ್ರು. ಒಳಗಿನ ತೆಳು ರಬ್ಬರ್ ಉಬ್ಬಿ ಅಲೆ ಅಲೆಯಾಗಿತ್ತು, ಮತ್ತೆ ಒಳಗೆ ಕೂರೋ ಹಾಗೇ ಇರಲಿಲ್ಲ. ಒಂದು ಲೋಟ ನೀರು ತರಿಸಿ ಡಬ್ಬಿಯಲ್ಲಿದ್ದ ದ್ರವದ ನಾಲ್ಕು ಹನಿ ಹಾಕಿದ್ರು. ನೀರಿನ ಮೇಲೆ ಜಿಡ್ಡು ತೇಲಿತು. ಸರಿಯಾದ ಬ್ರೇಕ್ ಫ್ಲೂಯಿಡ್ ನೀರಿನಲ್ಲಿ ಬೆರೆತು ಹೋಗುತ್ತೆ, ತೇಲಲ್ಲ. ಇದು ಎಣ್ಣೆ.

ಕಾಕಾ ಮುಖ ಸಣ್ಣದು ಮಾಡ್ಕೊಂಡು ಹೇಳಿದ್ರು: "ಕಡಿಮಿ ಆಗಿತ್ತಪ. ಬ್ರೇಕ್ ಆಯಿಲ್ ಅಂತಾರಲ್ಲ, ಟ್ರ್ಯಾಕ್ಟರಿಂದು ಆಯಿಲ್ ಮನ್ಯಾಗ ಇತ್ತು, ಅದನ್ನ ಹಾಕಿದೆ."

ಇದರಲ್ಲಿ ದಡ್ಡತನ ಏನಿದೆ ಹೇಳಿ? ಅವರ ಟ್ರ್ಯಾಕ್ಟರಿನಲ್ಲಿರೋದು ನಿಜವಾಗಲೂ ಆಯಿಲ್ ಬ್ರೇಕ್, ಅದರ ಪ್ಲೇಟುಗಳು ಎಣ್ಣೆಯಲ್ಲೇ ಮುಳುಗಿರ್ತವೆ. ಇಲ್ಲಿ ಎಲ್ಲರೂ ಬ್ರೇಕ್ ಫ್ಲೂಯಿಡ್‌ಗೆ ಬ್ರೇಕ್ ಆಯಿಲ್ ಅಂತಲೇ ಕರೀತಾರೆ, ಅಂಗಡಿಯವರೂ ಹಾಗೇ ಕೇಳ್ತಾರೆ. ಆ ಹೆಸರು ನಂಬಿದ್ರೆ ಅವರು ಮಾಡಿದ್ದೇ ಸರಿ. ಆದರೆ ಅದು ಎಣ್ಣೆ ಅಲ್ಲ, ಗ್ಲೈಕಾಲ್ ಜಾತಿಯ ದ್ರವ. ಎಣ್ಣೆ ಬಿದ್ದರೆ ಒಳಗಿನ ರಬ್ಬರ್ ಸೀಲುಗಳು ಊದಿಕೊಳ್ತವೆ. ಊದಿದ ಸೀಲು, ಲಿವರ್ ಬಿಟ್ಟ ಮೇಲೆ ಒತ್ತಡ ವಾಪಸ್ ಬರೋ ಸಣ್ಣ ತೂತನ್ನ ಮುಚ್ಚುತ್ತೆ. ಪ್ಯಾಡು ಡಿಸ್ಕಿಗೆ ಅಂಟಿಕೊಂಡೇ ಉಜ್ಜುತ್ತೆ. ಅದಕ್ಕೇ ಗಾಡಿ ತಳ್ಳೋಕೆ ಭಾರ, ಅದಕ್ಕೇ ಲಿವರ್ 'ಗಟ್ಟಿ'. ಎರಡು ಸುತ್ತು ಹೋಗೋದರೊಳಗೆ ಡಿಸ್ಕು ಕಾದು, ಒಳಗೆ ತೇವ ಎಳ್ಕೊಂಡಿದ್ದ ಹಳೇ ಫ್ಲೂಯಿಡ್ ಕುದ್ದು ಆವಿಯಾಗಿದೆ. ದ್ರವ ಒತ್ತಿದ್ರೆ ಕುಗ್ಗಲ್ಲ, ಆವಿ ಕುಗ್ಗುತ್ತೆ. ನಾನು ಒತ್ತಿದ್ದು ಆವಿಯನ್ನ.

ಡಾಟ್ 3 ಫ್ಲೂಯಿಡ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ತನಕ ಕುದಿಯಲ್ಲ. ಸುಮಾರು 3.7 ಪರ್ಸೆಂಟ್ ನೀರು ಸೇರಿದ್ರೆ ಆ ಮಿತಿ 140ಕ್ಕೆ ಇಳಿಯುತ್ತೆ. ಡಾಟ್ 4ಗೆ ಅದು 230 ಮತ್ತು 155. ಅದಕ್ಕೇ ಎರಡು ವರ್ಷಕ್ಕೊಮ್ಮೆ ಬದಲಾಯಿಸಿ ಅನ್ನೋದು. ಟ್ಯಾಂಕಿನ ಎಥನಾಲ್ ಹೇಗೆ ನೀರು ಕುಡಿಯುತ್ತೋ ಈ ಫ್ಲೂಯಿಡ್ಡೂ ಹಾಗೇ ಕುಡಿಯುತ್ತೆ. ವ್ಯತ್ಯಾಸ ಇಷ್ಟೇ, ಕಾರ್ಬುರೇಟರಿಗೆ ನೀರು ಹೋದ್ರೆ ಗಾಡಿ ಮನೇಲೇ ನಿಲ್ಲುತ್ತೆ.

ಮುಂದಿನ ಬ್ರೇಕಿನ ಕಥೆ ಸರಳ. ಒಂದು ಲಿವರ್, ಎರಡು ಕೇಬಲ್, ಎರಡು ಡ್ರಮ್ಮು. ಎಡಗಡೆ ಕೇಬಲ್ ತುಕ್ಕು ಹಿಡಿದು ಸಿಕ್ಕಿಕೊಂಡಿತ್ತು. ಹಿಡಿದಿದ್ದು ಬಲಗಡೆ ಮಾತ್ರ, ಗಾಡಿ ಬಲಕ್ಕೆ ಎಳೀತು. ಮುಂದಿನ ಚಕ್ರ ಎತ್ತಿ ಲಿವರ್ ಒತ್ತಿ ಒಂದೊಂದೇ ಚಕ್ರ ಕೈಯಿಂದ ತಿರುಗಿಸಿದ್ದರೆ ಒಂದು ನಿಮಿಷದಲ್ಲಿ ಗೊತ್ತಾಗ್ತಿತ್ತು.

ನನಗೆ ಜಾಸ್ತಿ ಚುಚ್ಚಿದ್ದು ಬೇರೆ. ಆ ಫ್ಲೂಯಿಡ್ ಡಬ್ಬಿಯ ಮುಚ್ಚಳದ ಮೇಲೇ ಇಂಗ್ಲಿಷಿನಲ್ಲಿ ಬರೆದಿತ್ತು, ಇಂಥದ್ದೇ ಫ್ಲೂಯಿಡ್ ಹಾಕಬೇಕು ಅಂತ. ಕಾಕಾ ಓದಿದ್ದು ಕನ್ನಡದಲ್ಲಿ, ಏಳನೇ ಕ್ಲಾಸಿನ ತನಕ. ನಾನು ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಓದೋಕೆ ಬರದವರು ತಪ್ಪು ಎಣ್ಣೆ ಹಾಕಿದ್ರು. ಓದೋಕೆ ಬರೋ ನಾನು ಮೂರು ದಿನ ಅದರ ಪಕ್ಕದಲ್ಲೇ ಕೂತು ಒಂದು ಸಾಲು ಓದಲಿಲ್ಲ.

ಯಾಕೆ ಹೀಗೆ?

ಕಾರ್ಬುರೇಟರ್ ಕೆಟ್ಟರೆ ಅದು ತಾನಾಗಿ ಹೇಳುತ್ತೆ. ಗಾಡಿ ಹೊರಡಲ್ಲ, ನಾವು ರಿಪೇರಿ ಮಾಡಲೇಬೇಕು. ಬ್ರೇಕ್ ಕೆಟ್ಟರೂ ಗಾಡಿ ಹೊರಡುತ್ತೆ. ಹೊರಡೋ ಗಾಡಿ ಸರಿ ಇದೆ ಅಂತ ನಾವು ಅಂದ್ಕೊಳ್ತೀವಿ. ನಮ್ಮ ಊರಿನ ಕಬ್ಬಿನ ಟ್ರೇಲರ್‌ಗಳನ್ನೇ ನೋಡಿ. ಒಂದು ಟ್ರ್ಯಾಕ್ಟರ್ ಹಿಂದೆ ಎರಡು ಟ್ರೇಲರ್, ಎಷ್ಟೋ ಟ್ರೇಲರ್‌ಗಳಿಗೆ ಬ್ರೇಕೇ ಇರಲ್ಲ. ಎಳೆಯೋ ಶಕ್ತಿ ಇದ್ರೆ ಲೋಡ್ ಹಾಕ್ತಾರೆ, ನಿಲ್ಲಿಸೋ ಶಕ್ತಿ ಇದೆಯಾ ಅಂತ ಯಾರೂ ಕೇಳಲ್ಲ. ಇಳಿಜಾರಿನಲ್ಲಿ ಆ ಭಾರ ಪೂರ್ತಿ ಟ್ರ್ಯಾಕ್ಟರಿನ ಬೆನ್ನಿಗೆ ಬರುತ್ತೆ. ಚಿಕ್ಕಂದಿನಿಂದ ಅದನ್ನ ನೋಡಿ ಬೆಳೆದ ನನಗೆ ಅದು ವಿಚಿತ್ರ ಅಂತಲೇ ಅನಿಸಿರಲಿಲ್ಲ.

ನಮ್ಮ ಕ್ಯಾಂಪಸ್ಸೂ ಬೇರೆ ಅಲ್ಲ. 'ಈಗೆಲ್ಲ ಎಬಿಎಸ್ ಬಂದಿದೆ ಮಗಾ' ಅಂತ ನನ್ನ ರೂಮ್‌ಮೇಟ್ ಹೇಳ್ತಾನೆ. ನಿಜ, 2019ರ ಏಪ್ರಿಲ್‌ನಿಂದ 125 ಸಿಸಿ ಮೇಲಿನ ಗಾಡಿಗಳಿಗೆ ಎಬಿಎಸ್ ಕಡ್ಡಾಯ, ಅದರ ಕೆಳಗಿನವಕ್ಕೆ ಕನಿಷ್ಠ ಸಿಬಿಎಸ್. ಆದರೆ ಎಬಿಎಸ್ ಮಾಡೋದು ಚಕ್ರ ಲಾಕ್ ಆಗದ ಹಾಗೆ ನೋಡ್ಕೊಳ್ಳೋ ಕೆಲಸ. ಪ್ಯಾಡ್ ಸವೆದಿದ್ರೆ, ಫ್ಲೂಯಿಡ್ ಕಪ್ಪಾಗಿದ್ರೆ ಅದು ಹೊಸ ಪ್ಯಾಡ್ ತಂದು ಹಾಕಲ್ಲ. ಅಲ್ಲದೆ ನಮ್ಮಲ್ಲಿ ಅರ್ಧ ಜನ ಓಡಿಸೋದು ಅಣ್ಣನದೋ ಅಪ್ಪನದೋ ಹಳೇ ಗಾಡಿ.

ದುಡ್ಡಿನ ಮಾತು ಇನ್ನೊಂದು. ಕ್ವಾಡ್‌ಗೆ ಮಾಸ್ಟರ್ ಸಿಲಿಂಡರ್, ಪೈಪು, ಕ್ಯಾಲಿಪರ್ ಸೇರಿ ಪೂರ್ತಿ ಹೊಸ ಸೆಟ್ಟೇ ಹಾಕಿದ್ವಿ, ಯಾಕಂದ್ರೆ ಎಣ್ಣೆ ತಾಗಿದ ರಬ್ಬರ್ ಒಂದನ್ನೂ ನಂಬೋ ಹಾಗಿಲ್ಲ. ಆದರೂ ನಾನು ಕಾರ್ಬುರೇಟರ್‌ಗೆ ಅಂತ ತಂದ ಕ್ಲೀನರ್, ಪ್ಲಗ್, ಫಿಲ್ಟರ್, ರಿಪೇರಿ ಕಿಟ್ ಎಲ್ಲದರ ಖರ್ಚಿಗಿಂತ ಅದು ದೊಡ್ಡದಾಗಲಿಲ್ಲ. ದುಡ್ಡಿಲ್ಲ ಅನ್ನೋದು ನೆಪ, ನೋಡಲಿಲ್ಲ ಅನ್ನೋದು ನಿಜ.

ಬಾಹಾ ಎಸ್‌ಎಇ ಇಂಡಿಯಾ ಸ್ಪರ್ಧೆ ನಿಮಗೆ ಗೊತ್ತು, 2007ರಿಂದ ನಡೀತಿದೆ, ಮೆಕ್ಯಾನಿಕಲ್‌ನವರು ಅದಕ್ಕೆ ರಾತ್ರಿ ಎಲ್ಲ ವರ್ಕ್‌ಶಾಪ್‌ನಲ್ಲಿ ಕೂರ್ತಾರೆ. ಅಲ್ಲಿ ಒಂದು ಒಳ್ಳೇ ಕ್ರಮ ಇದೆ. ಬ್ರೇಕ್ ಟೆಸ್ಟಿನಲ್ಲಿ ನಾಲ್ಕೂ ಚಕ್ರ ಲಾಕ್ ಆಗಬೇಕು. ಅದು ಪಾಸ್ ಆಗದಿದ್ರೆ ಎಂಜಿನ್ ಎಷ್ಟೇ ಚೆನ್ನಾಗಿದ್ರೂ ರೇಸಿಗೆ ಬಿಡಲ್ಲ. ಸ್ಪರ್ಧೆಗೆ ಆ ನಿಯಮ ಒಪ್ಕೊಳ್ಳೋ ನಾವು ಹಾಸ್ಟೆಲ್‌ನಿಂದ ಟೀ ಅಂಗಡಿಗೆ ಹೋಗೋವಾಗ ಯಾಕೆ ಮರೀತೀವಿ?

ಎರಡು ಬೇಡಿಕೆ

ಒಂದು, ಗಾಡಿ ಇರೋರಿಗೆ. ಸ್ಟಾರ್ಟ್ ಬಟನ್ ಒತ್ತೋ ಮೊದಲು ಇಷ್ಟು ಮಾಡಿ:

ಲಿವರ್ ಒತ್ತಿ ಹಿಡಿದುಕೊಂಡು ಹತ್ತು ಎಣಿಸಿ. ಮೆಲ್ಲಗೆ ಒಳಗೆ ಹೋಗ್ತಿದ್ರೆ ಎಲ್ಲೋ ಸೋರ್ತಿದೆ. ಸ್ಪಂಜಿನ ಹಾಗಿದ್ರೆ ಒಳಗೆ ಗಾಳಿ ಸೇರಿದೆ.
ನ್ಯೂಟ್ರಲ್‌ನಲ್ಲಿ ತಳ್ಳಿ ನೋಡಿ. ಭಾರ ಆಗಿದ್ರೆ ಬ್ರೇಕ್ ಹಿಡಕೊಂಡಿರಬಹುದು.
ಫ್ಲೂಯಿಡ್ ಮಟ್ಟ ಕನಿಷ್ಠ ಗೆರೆಗಿಂತ ಮೇಲಿದೆಯಾ, ಬಣ್ಣ ಕಪ್ಪಾಗಿದೆಯಾ ನೋಡಿ. ಮಟ್ಟ ಇಳಿದಿದ್ರೆ ಬರೀ ತುಂಬಿಸಬೇಡಿ, ಪ್ಯಾಡ್ ಸವೆದಿದೆಯಾ, ಸೋರ್ತಿದೆಯಾ ಮೊದಲು ನೋಡಿ.
ಹಾಕೋದಿದ್ರೆ ಮುಚ್ಚಳದ ಮೇಲೆ ಬರೆದ ಡಾಟ್ ನಂಬರಿಂದೇ, ಸೀಲ್ ಒಡೆಯದ ಬಾಟಲಿಯಿಂದ.
ಡ್ರಮ್ ಬ್ರೇಕ್ ಆದ್ರೆ ಕೇಬಲ್ ಸಲೀಸಾಗಿ ವಾಪಸ್ ಬರುತ್ತಾ ನೋಡಿ.

ಎಲ್ಲ ಸೇರಿ ಎರಡು ನಿಮಿಷ.

ಎರಡು, ನಮ್ಮ ಕನ್ನಡ ಸಂಘಕ್ಕೆ. ರಾಜ್ಯೋತ್ಸವಕ್ಕೆ ನಾವು ಬಾವುಟ ಕಟ್ತೀವಿ, ಹಾಡು ಹಾಡ್ತೀವಿ, ಅದು ಇರಲಿ. ಅದರ ಜೊತೆಗೆ ಮೇಲಿನ ಐದು ಸಾಲನ್ನ ಸರಳ ಕನ್ನಡದಲ್ಲಿ ಒಂದು ಸ್ಟಿಕ್ಕರ್ ಮಾಡೋಣ. ಮೊದಲ ಸಾಲು ದೊಡ್ಡ ಅಕ್ಷರದಲ್ಲಿ: 'ಬ್ರೇಕ್ ಆಯಿಲ್ ಅಂದ್ರೆ ಎಣ್ಣೆ ಅಲ್ಲ.' ಮೆಕ್ಯಾನಿಕಲ್‌ನವರು ತಪ್ಪು ತಿದ್ದಲಿ, ನಾವು ಭಾಷೆ ತಿದ್ದೋಣ. ರಜೆಗೆ ಊರಿಗೆ ಹೋಗೋವಾಗ ಪ್ರತಿಯೊಬ್ಬರೂ ಹತ್ತು ತಗೊಂಡು ಹೋಗಿ ಗ್ಯಾರೇಜು, ಪಂಕ್ಚರ್ ಅಂಗಡಿ, ಟ್ರ್ಯಾಕ್ಟರ್ ಶೆಡ್ಡಿಗೆ ಅಂಟಿಸಿ ಬರೋಣ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ್ದಕ್ಕೆ ನಾವು ಊರಿಗೆ ಕೊಡಬಹುದಾದ ಸಣ್ಣ ಕೆಲಸ ಇದು, ಮುಚ್ಚಳದ ಮೇಲಿರೋದನ್ನ ಓದಿ ಹೇಳೋದು.

ಕಾಕಾ ಗಾಡಿ ಮಾರಲಿಲ್ಲ. ಈಗ ಅದು ಹೊಲದೊಳಗೆ ಪೈಪು ಹೊರುತ್ತೆ, ಮಕ್ಕಳು ಹತ್ತೋ ಹಾಗಿಲ್ಲ. ಹೋದ ವಾರ ಫೋನ್ ಮಾಡಿದಾಗ ತಂಗಿ ಹೇಳಿದಳು, ಅಪ್ಪ ಗಾಡಿ ಚಾಲೂ ಮಾಡೋಕೆ ಮೊದಲು ಅವಳು ಹೋಗಿ ಲಿವರ್ ಒತ್ತಿ ಹತ್ತು ಎಣಿಸ್ತಾಳಂತೆ. ಎಣಿಸಿ ಮುಗಿಯೋ ತನಕ ಕಾಕಾ ಕಿಕ್ ಹೊಡೆಯಲ್ಲ.